ಜಾಣತನವಿರಬೇಕಾದದ್ದು ತಂತಿಗಳ ಜೋಡಣೆಯಲ್ಲಿ

ಇಂಗ್ಲೆಂಡಿನಂಥ ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವುದು ವಿಲಾಸವಲ್ಲ, ಅವಶ್ಯಕತೆ. ಅಲ್ಲಿನ ಬಹುಪಾಲು ಮನೆಗಳಲ್ಲಿ ಬಾಯ್ಲರಿನಲ್ಲಿ ಕಾಯ್ದ ನೀರು ಗೋಡೆಯ ಬದಿಯ ರೇಡಿಯೇಟರುಗಳಲ್ಲಿ ಹರಿಯುತ್ತದೆ. ಕೆಲವು ಮನೆಗಳಲ್ಲಿ ನೆಲದ ಗಾರೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿಯೂ ಹರಿಯುತ್ತದೆ. ಇವೆರಡನ್ನೂ ಆಳುವ ಕೆಲಸವನ್ನು ಈಗ ‘ಸ್ಮಾರ್ಟ್ ಥರ್ಮೋಸ್ಟಾಟ್’ ಎಂಬ ಉಷ್ಣನಿಯಾಮಕಕ್ಕೆ ಒಪ್ಪಿಸುವ ರೂಢಿ ಬೆಳೆಯುತ್ತಿದೆ. ಅದೊಂದನ್ನು ಗೋಡೆಗೆ ತಗುಲಿಸಿದರೆ ಮಿಕ್ಕದ್ದನ್ನೆಲ್ಲ ಅದೇ ನೋಡಿಕೊಳ್ಳುವುದೆಂದು ನಂಬುವವರುಂಟು. ಈ ನಂಬಿಕೆ ಭೌತವಿಜ್ಞಾನಕ್ಕೆ ಒಪ್ಪುವಂಥದಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಇಸ್ತ್ರಿಪೆಟ್ಟಿಗೆಯೊಳಗಿನ ದ್ವಿಲೋಹ ಪಟ್ಟಿಯಂತೆಯೇ ಈ ನಿಯಾಮಕವೂ ಸಾಮಾನ್ಯವಾಗಿ ಮಾಡುವುದು ಒಂದು ಮಂಡಲವನ್ನು ಮುಚ್ಚುವ, ತೆರೆಯುವ ಕೆಲಸವನ್ನಷ್ಟೆ. ಯಾವಾಗ ಮುಚ್ಚಬೇಕೆಂಬುದನ್ನು ಅದು ಅನುಭವದಿಂದ ಕಲಿಯಬಲ್ಲದು. ತನ್ನ ತಂತಿಯ ಮತ್ತೊಂದು ತುದಿಯಲ್ಲಿ ಏನಿದೆಯೆಂಬುದನ್ನು ತಾನಾಗಿ ಅರಿಯಲಾರದು.

ಆ ತುದಿಯಲ್ಲಿರುವ ವಸ್ತುಗಳ ಸ್ವಭಾವವಾದರೋ ತೀರ ಭಿನ್ನ. ರೇಡಿಯೇಟರಿಗೆ ಹಲವೆಡೆ 60ರಿಂದ 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಹರಿಯುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ಬಿಸಿಯೇರುತ್ತದೆ. ನೆಲಕ್ಕೆ 35ರಿಂದ 45 ಡಿಗ್ರಿಯ ನೀರು ಸಾಕು. ಆದರೆ ಅದರ ನಿಧಾನವನ್ನು ಲೆಕ್ಕಹಾಕಿ ನೋಡೋಣ. 75 ಮಿಲಿಮೀಟರ್ ದಪ್ಪದ ಗಾರೆಯ ತೂಕ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ. ಅದರ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ ಸುಮಾರು 1000 ಜೂಲ್. ಅದನ್ನು 5 ಡಿಗ್ರಿ ಏರಿಸಲು 7,50,000 ಜೂಲ್ ಬೇಕು. ಚದರ ಮೀಟರಿಗೆ 100 ವಾಟಿನಂತೆ ಶಾಖವನ್ನು ಒದಗಿಸಿದರೆ, ನಷ್ಟವನ್ನು ಎಣಿಸದೆಯೇ ಎರಡು ಗಂಟೆಗೂ ಮೇಲ್ಪಟ್ಟ ಕಾಲ ಹಿಡಿಯುತ್ತದೆ.

ನಿಯಾಮಕವು ಈ ವಿಳಂಬವನ್ನೂ ಕಲಿಯುತ್ತದಲ್ಲವೆ ಎಂದು ಕೆಲವರು ಕೇಳಬಹುದು. ಕಲಿಯುತ್ತದೆ, ನಿಜ. ಆದರೆ ಎರಡು ಭಿನ್ನ ವಿಳಂಬಗಳನ್ನು ಒಂದೇ ಸ್ವಿಚ್ಚಿಗೆ ಕಟ್ಟಿದರೆ ಅದು ಯಾವುದನ್ನು ಕಲಿಯಬೇಕು? ರೇಡಿಯೇಟರಿನ ಕೋಣೆ ಬೆಚ್ಚಗಾದೊಡನೆ ಮಂಡಲ ತೆರೆದರೆ ನೆಲ ತಣ್ಣಗೇ ಉಳಿಯುತ್ತದೆ. ನೆಲಕ್ಕಾಗಿ ಕಾದರೆ ಆ ಕೋಣೆ ಮಿತಿಮೀರಿ ಕಾಯುತ್ತದೆ, ಇಂಧನ ವ್ಯರ್ಥವಾಗುತ್ತದೆ.

ಆದುದರಿಂದ ಪ್ರತಿಯೊಂದು ವಿಭಾಗಕ್ಕೂ ಬೇರೆ ನಿಯಾಮಕ, ಬೇರೆ ವಿದ್ಯುತ್ ಕವಾಟ ಇರಬೇಕು. ಕವಾಟ ತೆರೆದ ಬಳಿಕ ಅದರೊಳಗಿನ ಕಿರುಸ್ವಿಚ್ಚು ಬಾಯ್ಲರನ್ನು ಕರೆಯಬೇಕು. ನೆಲದ ಕೊಳವೆಗಳಿಗೆ ಬಿಸಿನೀರನ್ನು ಹದಗೊಳಿಸುವ ಮಿಶ್ರಣ ಕವಾಟವೂ ಅವಶ್ಯಕ. ಇನ್ನು ಹಳೆಯ ದ್ವಿಲೋಹ ನಿಯಾಮಕಕ್ಕೆ ಎರಡೇ ತಂತಿಗಳು ಸಾಕಾಗುತ್ತಿದ್ದುವು. ಹೊಸದಕ್ಕೆ ಬ್ಯಾಟರಿಯಿಲ್ಲದಿದ್ದರೆ ಅದರದೇ ಪೋಷಣೆಗಾಗಿ ಸಾಮಾನ್ಯವಾಗಿ ಇನ್ನೊಂದು ತಂತಿ ಬೇಕು. ನೆಲದಡಿ ನೀರಿಗೆ ಬದಲಾಗಿ ವಿದ್ಯುತ್ ತಂತಿಯ ಚಾಪೆ ಹಾಸಿದ್ದರೆ ಅಪಾಯ ಹೆಚ್ಚು. 20 ಚದರ ಮೀಟರಿಗೆ 150 ವಾಟಿನಂತೆ 3000 ವಾಟ್. 230 ವೋಲ್ಟಿನಲ್ಲಿ ಅದು 13 ಆಂಪೇರ್. ಕವಾಟಕ್ಕೆಂದೇ ಮಾಡಿದ 3 ಆಂಪೇರಿನ ಸ್ವಿಚ್ಚಿಗೆ ಆ ಹೊರೆಯನ್ನು ಹೊರಿಸಿದರೆ ಅದು ಸುಟ್ಟುಹೋದೀತು, ಬೆಂಕಿಗೂ ಕಾರಣವಾದೀತು. ಈ ಕೆಲಸ ಅರ್ಹ ವಿದ್ಯುತ್ ಕರ್ಮಿಯದು; ಅದರ ನಕ್ಷೆಯನ್ನು ಅರಿಯುವುದು ಮಾತ್ರ ಎಲ್ಲರ ಕರ್ತವ್ಯ.

ವಿದ್ಯುತ್ ಉಷ್ಣನಿಯಾಮಕದ ಮೂಲಪುರುಷರಲ್ಲೊಬ್ಬನಾದ ವಾರನ್ ಜಾನ್ಸನ್ ಅಮೆರಿಕೆಯ ಒಬ್ಬ ಅಧ್ಯಾಪಕ. ತರಗತಿಯ ಉಷ್ಣತೆಯ ಸುದ್ದಿಯನ್ನು ಕೆಳಗೆ ಒಲೆಯ ಬಳಿಯಿದ್ದವನಿಗೆ ಮುಟ್ಟಿಸುವ ತನ್ನ ಉಪಕರಣಕ್ಕೆ ಅವನು 1883ರಲ್ಲಿ ಪೇಟೆಂಟ್ ಪಡೆದನು. ಸುದ್ದಿ ಯಾರಿಗೆ, ಯಾವ ತಂತಿಯ ಮೂಲಕ ಮುಟ್ಟಬೇಕೆಂಬುದು ಅಂದಿನಂತೆ ಇಂದೂ ಮುಖ್ಯ ಪ್ರಶ್ನೆ. ವಿದ್ಯಾರ್ಥಿಗಳು ಯಂತ್ರದ ಹೆಸರಿಗೆ ಮಾರುಹೋಗದೆ, ಮೊದಲು ಮಂಡಲದ ನಕ್ಷೆಯನ್ನು ಬರೆದು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ.