ಚೌಕ ತೂತಿನ ನಾಣ್ಯದ ವಯಸ್ಸೆಷ್ಟು?

ಕೆಂಪು ದಾರದಲ್ಲಿ ಕಟ್ಟಿದ ಮೂರು ಚೀನೀ ನಾಣ್ಯಗಳನ್ನು ಅದೃಷ್ಟಕ್ಕೆಂದು ಪರ್ಸಿನಲ್ಲಿ ಇಟ್ಟುಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಅವುಗಳ ಮೇಲೆ 18ನೇ ಶತಮಾನದ ಚಕ್ರವರ್ತಿ ಚಿಯೆನ್‌ಲುಂಗನ ಹೆಸರಿರಬಹುದು. ಹೆಸರು ಹಳೆಯದಾದ ಮಾತ್ರಕ್ಕೆ ನಾಣ್ಯವೂ ಹಳೆಯದೇ?

ನಮ್ಮ ದೇಶದ ಹಳೆಯ ನಾಣ್ಯಗಳಲ್ಲಿ ಹೆಚ್ಚಿನವು ಸುತ್ತಿಗೆಯ ಪೆಟ್ಟಿನಿಂದ ಅಚ್ಚೊತ್ತಿದವು. ಚೀನೀಯರು ಎರಡು ಸಾವಿರ ವರ್ಷ ಎರಕವನ್ನೇ ನೆಚ್ಚಿಕೊಂಡಿದ್ದರು. ನಂತರದ ಕಾಲದ ಪದ್ಧತಿಯಲ್ಲಿ ಮಾದರಿ ನಾಣ್ಯಗಳನ್ನು ಮರಳಿನಲ್ಲಿ ಒತ್ತಿ, ಆ ಗುಳಿಗಳಿಗೆ ಕಾಲುವೆ ಕೊರೆದು, ಕರಗಿದ ಲೋಹ ಸುರಿಯುತ್ತಿದ್ದರು. ಆರಿದ ಮೇಲೆ ಹೊರಬರುವುದು ಎಲೆಗಳ ಬದಲು ನಾಣ್ಯಗಳನ್ನು ಹೊತ್ತ ಒಂದು ಲೋಹದ ಗಿಡ! ಅವನ್ನು ಮುರಿದು, ಚೌಕ ಸರಳಿಗೆ ಪೋಣಿಸಿ, ಅಂಚುಗಳನ್ನು ಒಟ್ಟಿಗೆ ಅರದಿಂದ ಉಜ್ಜುತ್ತಿದ್ದರು. ತೂತು ದುಂಡಗಿದ್ದರೆ ನಾಣ್ಯ ಸರಳಿನ ಮೇಲೆ ಗಿರಗಿರ ತಿರುಗುತ್ತಿತ್ತು. ಹೀಗಾಗಿ ಅಂಚಿನ ಮೇಲಿನ ಅರದ ಗೀರುಗಳನ್ನು ಭೂತಗನ್ನಡಿಯಲ್ಲಿ ಮೊದಲು ಹುಡುಕಬೇಕು.

ಇನ್ನು ಬರಹ. ಕ್ರಿ.ಪೂ. 118ರಲ್ಲಿ ಬಂದ 'ವೂ ಝೂ' ನಾಣ್ಯದ ಹೆಸರು ಅದರ ತೂಕ, ಅಂದರೆ ಐದು ಝೂ. ಏಳು ಶತಮಾನ ಇದೇ ಹೆಸರು ನಡೆದುಬಂತು. ಕ್ರಿ.ಶ. 621ರಲ್ಲಿ ತಾಂಗ್ ಅರಸರು ಅದನ್ನು ಕೈಬಿಟ್ಟು 'ಕೈಯುವಾನ್' ಎಂಬ ನಾಲ್ಕಕ್ಷರದ ನಾಣ್ಯ ತಂದರು. ತೂಕ ಸುಮಾರು 4 ಗ್ರಾಂ. ತಮಾಷೆಯೆಂದರೆ, 713ರಿಂದ 741ರವರೆಗಿನ ಆಳ್ವಿಕೆಯ ಅವಧಿಗೂ ಕೈಯುವಾನ್ ಎಂದೇ ಹೆಸರು! ಹೆಸರನ್ನಷ್ಟೇ ನಂಬಿದವರು ಅಲ್ಲೇ ಎಡವುತ್ತಾರೆ. ಏಕೆಂದರೆ ಈ ನಾಣ್ಯ ಸುಮಾರು ಮುನ್ನೂರು ವರ್ಷ ಎರಕಗೊಂಡಿತು. ಅದರಲ್ಲಿ ಒಂದು ಗುಂಪಿನ ಕಾಲವಂತೂ ಖಚಿತ. 845ರಲ್ಲಿ ಬೌದ್ಧ ವಿಹಾರಗಳನ್ನು ಮುಚ್ಚಿಸಿ, ಅಲ್ಲಿನ ಗಂಟೆ, ವಿಗ್ರಹಗಳನ್ನು ಕರಗಿಸಿ ಎರೆದ ನಾಣ್ಯಗಳ ಹಿಂಬದಿಯಲ್ಲಿ ಟಂಕಸಾಲೆಯ ಅಕ್ಷರವಿದೆ.

ಸುಂಗ್ ಅರಸರ ನಾಣ್ಯಗಳಲ್ಲಿ ಆಳ್ವಿಕೆಯ ಅವಧಿಯ ಹೆಸರಿರುವುದರಿಂದ ಕೆಲಸ ಸುಲಭ. 1180ರಿಂದ ಹಿಂಬದಿಯಲ್ಲಿ ವರ್ಷದ ಅಂಕಿಯೂ ಬಂತು. ಚುನ್‌ಷಿ ಅವಧಿ ಶುರುವಾದದ್ದು 1174ರಲ್ಲಿ. ಹಿಂದೆ 'ಏಳು' ಎಂದಿದ್ದರೆ ಅದು 1181 ಅಲ್ಲ, 1180. ಮೊದಲ ವರ್ಷವೇ ಒಂದು ಎಂಬುದನ್ನು ಲೆಕ್ಕ ಮಾಡುವಾಗ ಮರೆಯಬಾರದು.

ಇಲ್ಲಿಯೂ ಮೋಸ ಹೋಗುವ ಸಂಭವವುಂಟು. ಯುವಾನ್‌ಫೆಂಗ್ ಎಂಬುದು 1078ರಿಂದ 1085ರವರೆಗಿನ ಅವಧಿ. ಆದರೆ ಅದೇ ಹೆಸರಿನ ನಾಣ್ಯಗಳನ್ನು ಜಪಾನಿನ ನಾಗಸಾಕಿಯಲ್ಲಿ ವ್ಯಾಪಾರಕ್ಕಾಗಿ 1659ರಿಂದ ಎರೆದರು. ಬರಹ ಕೈಕೊಟ್ಟಾಗ ಲೋಹವನ್ನು ಕೇಳಬೇಕು. ಸುಂಗ್ ಕಾಲದ್ದು ತಾಮ್ರ, ತವರ, ಸೀಸ ಬೆರೆತ ಕಂಚು. ಸತು ಬೆರೆತ ಹಿತ್ತಾಳೆ ಚೀನೀ ನಾಣ್ಯಗಳಲ್ಲಿ ರೂಢಿಗೆ ಬಂದದ್ದು 16ನೇ ಶತಮಾನದಲ್ಲಿ. ಸುಂಗ್ ಹೆಸರಿನ ನಾಣ್ಯ ಹಳದಿಯಾಗಿ ಹೊಳೆದರೆ ಅನುಮಾನಿಸುವುದೇ ಲೇಸು.

ಹಳೆಯ ನಾಣ್ಯ ಸಿಕ್ಕಿತೆಂದು ಹುಣಸೆಹಣ್ಣು ಹಾಕಿ ತಿಕ್ಕಿದರೆ ಮಾತ್ರ ಕೆಟ್ಟಿತು. ಮೇಲಿನ ಹಸಿರು, ಕಂದು ಪದರವೇ ಒಂದು ಸಾಕ್ಷಿ. ಅಯಸ್ಕಾಂತ ಹಿಡಿದು ನೋಡುವುದರಿಂದ ಹಾನಿಯಿಲ್ಲ. ಬಂಗಾರದ ಬಣ್ಣದ ನಾಣ್ಯ ಅದಕ್ಕೆ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಹೊರಗೆ ಬರೀ ಲೇಪ. ಸುಂಗ್ ಕಾಲದಲ್ಲಿ ಕಬ್ಬಿಣದ ನಾಣ್ಯಗಳೂ ಇದ್ದವು ನಿಜ, ಆದರೆ ಅವು ತುಕ್ಕು ಹಿಡಿದಿರುತ್ತವೆ, ಹೊಳೆಯುವುದಿಲ್ಲ.