ಕೇಬಲ್ ದಪ್ಪ, ಜೇಬು ತೆಳು

ಹೋಮ್ ಥಿಯೇಟರ್ ಕೊಳ್ಳೋಕೆ ಹೋದವರಿಗೆ ಅಂಗಡಿಯಲ್ಲಿ ಕೊನೆಗೆ ಎದುರಾಗೋ ಪ್ರಶ್ನೆ ಒಂದೇ: "ಇಷ್ಟು ಒಳ್ಳೇ ಸಿಸ್ಟಮ್‌ಗೆ ಡಬ್ಬದಲ್ಲಿ ಬಂದಿರೋ ತಂತಿ ಹಾಕ್ತೀರಾ ಸಾರ್?" ಅಷ್ಟು ಸಾಕು. ಹೆಬ್ಬೆರಳು ಗಾತ್ರದ ಕೇಬಲ್ ಬಿಲ್ಲಿಗೆ ಸೇರುತ್ತೆ. ಇನ್ನೊಂದು ಕಡೆ ನಮ್ಮ ಇಂಜಿನಿಯರ್ ಗೆಳೆಯರ ವಾದ: "ತಂತಿ ತಂತೀನೇ, ಯಾವುದಾದ್ರೇನು?" ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಬೇಕಿರೋದು ನಂಬಿಕೆಯಲ್ಲ, ಒಂದು ಗುಣಾಕಾರ.

ಸಾಮಾನ್ಯವಾಗಿ ಹೇಳೋ ಲೆಕ್ಕ ಹೀಗಿದೆ. ತಂತಿಯ ರೋಧ ಸ್ಪೀಕರಿನ ಓಮ್‌ನ ಶೇಕಡಾ 5 ಮೀರಬಾರದು. 8 ಓಮ್ ಸ್ಪೀಕರಿಗೆ 0.4, 6ಕ್ಕೆ 0.3, 4ಕ್ಕೆ 0.2. ಈ ಮಿತಿಯೊಳಗಿದ್ರೆ ಸದ್ದಿನಲ್ಲಿ ಆಗೋ ನಷ್ಟ ಅರ್ಧ ಡೆಸಿಬಲ್ ಕೂಡ ಇಲ್ಲ. ತಾಮ್ರದ ತಂತಿ 1 ಚದರ ಮಿ.ಮೀ. ದಪ್ಪ ಇದ್ರೆ ಮೀಟರಿಗೆ ಸುಮಾರು 0.017 ಓಮ್. ಕರೆಂಟು ಹೋಗಿ ವಾಪಸ್ ಬರಬೇಕಲ್ವಾ, ಅದಕ್ಕೇ ಉದ್ದವನ್ನ ಎರಡರಿಂದ ಗುಣಿಸಿ, ದಪ್ಪದಿಂದ ಭಾಗಿಸಿ. ಮುಗೀತು.

ಟಿವಿ ಪಕ್ಕದ ಮುಂದಿನ ಸ್ಪೀಕರಿಗೆ 3 ಮೀಟರ್ ಅಂದುಕೊಳ್ಳಿ. 0.75ರ ಬಡಪಾಯಿ ತಂತಿಯಲ್ಲೂ ಬರೋದು 0.14 ಓಮ್, 4 ಓಮ್ ಸ್ಪೀಕರಿಗೂ ಧಾರಾಳ! ಆದ್ರೆ ಗೋಡೆ ಬಳಸಿಕೊಂಡು ಸೋಫಾ ಹಿಂದೆ ಹೋಗೋ ಸ್ಪೀಕರಿಗೆ 10 ಮೀಟರ್ ಬೇಕಾಗುತ್ತೆ. ಅಲ್ಲಿ ಅದೇ ತಂತಿ 0.46 ಓಮ್, 8 ಓಮ್ ಸ್ಪೀಕರಿಗೂ ಸಾಲದು. 1.5 ಹಾಕಿದ್ರೆ 0.23, 8ಕ್ಕೂ 6ಕ್ಕೂ ಸಾಕು. 4 ಓಮ್ ಆದ್ರೆ 2.5 ಹಾಕಿ, 0.14ಕ್ಕೆ ಇಳಿಯುತ್ತೆ. ಅದಕ್ಕಿಂತ ದಪ್ಪದ್ದು ಈ ಅಳತೆಯ ಹಾಲ್‌ಗಳಿಗೆ ಬರೀ ಶೋಕಿ.

ಹೊಸ ಮನೆ ಕಟ್ಟಿಸ್ತಾ ಇರೋರಿಗೆ ಮಾತ್ರ ಒಂದು ಮಾತು. ಗೋಡೆಯೊಳಗೆ ಪೈಪಿನಲ್ಲಿ ಎಳೆಸೋದಾದ್ರೆ ನೇರವಾಗಿ 2.5 ಹಾಕಿಸಿ, ಮನೆ ಕರೆಂಟಿನ ವೈರಿರೋ ಪೈಪಿಗೆ ಮಾತ್ರ ತುರುಕಬೇಡಿ. ನಾಳೆ ಸ್ಪೀಕರ್ ಬದಲಾಯಿಸಬಹುದು, ಪ್ಲಾಸ್ಟರ್ ಒಡೆಯೋಕೆ ಮನೆಯವರು ಬಿಡಲ್ಲ :)

ಕೊಳ್ಳುವಾಗ ದಪ್ಪಕ್ಕಿಂತ ಮೊದಲು ಲೋಹ ನೋಡಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ತಂತಿ ಅಗ್ಗಕ್ಕೆ ಸಿಗುತ್ತೆ, ನೋಡೋಕೆ ತಾಮ್ರದಂತೇ ಇರುತ್ತೆ. ಆದ್ರೆ ಅದರ ರೋಧ ತಾಮ್ರದ ಒಂದೂವರೆ ಪಟ್ಟು. ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅನುಮಾನ ಪಡಿ. ಇನ್ನು "ಆಕ್ಸಿಜನ್ ಫ್ರೀ" ಅಂತ ಬೆಲೆ ಏರಿಸಿದ್ರೆ ನೆನಪಿರಲಿ: ಮಾಮೂಲಿ ಒಳ್ಳೇ ತಾಮ್ರಕ್ಕೂ ಅದಕ್ಕೂ ರೋಧದಲ್ಲಿ ವ್ಯತ್ಯಾಸ ಶೇಕಡಾ 1ರ ಆಸುಪಾಸು ಅಷ್ಟೇ.

ಉಳಿದ ದುಡ್ಡಲ್ಲಿ ಇನ್ನೂ ಒಳ್ಳೇ ಸ್ಪೀಕರನ್ನೇ ತಗೊಳ್ಳಿ. ಹಾಡೋದು ಅದು, ತಂತಿಯಲ್ಲ. ನೀವೇನಂತೀರಿ?