ಕಳೆಗೆ ಎಡೆ ಕೊಟ್ಟವರು ಯಾರು?

‘ಕೂಲಿಯಾಳು ಸಿಗುವುದಿಲ್ಲ, ಆದ್ದರಿಂದ ಕಳೆನಾಶಕ ಅನಿವಾರ್ಯ’ ಎಂಬ ಮಾತು ಇಂದು ಕೃಷಿಯ ಚರ್ಚೆಗಳಲ್ಲಿ ಸಿದ್ಧಾಂತದ ಪಟ್ಟಕ್ಕೇರಿದೆ. ಇದರ ಪೂರ್ವಾರ್ಧ ನಿಜ. ಉತ್ತರಾರ್ಧವನ್ನು ನಾವು ಒಪ್ಪುವುದಿಲ್ಲ. ಕಳೆಯನ್ನು ಕೊಲ್ಲುವ ಬಗೆ ಯಾವುದೆಂದು ಕೇಳುವ ಮುನ್ನ, ಅದಕ್ಕೆ ಹೊಲದಲ್ಲಿ ಜಾಗ ಸಿಕ್ಕಿದ್ದು ಹೇಗೆಂದು ಕೇಳಬೇಕು.

ಕಲಬುರಗಿಯ ತೊಗರಿಯನ್ನೇ ನೋಡೋಣ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬೇಳೆ ಹೊರನಾಡಿನ ನಮ್ಮ ಅಡುಗೆಮನೆಗಳಿಗೂ ಪರಿಚಿತ. ತೊಗರಿ ಮೊದಲ ಒಂದೂವರೆ ತಿಂಗಳು ಬಹು ನಿಧಾನವಾಗಿ ಬೆಳೆಯುವ ಗಿಡ. ಸಾಲಿಗೂ ಸಾಲಿಗೂ ನಡುವಿನ ಅಂತರವೂ ದೊಡ್ಡದು. ಅದೊಂದನ್ನೇ ಬಿತ್ತಿದರೆ ಮುಂಗಾರಿನ ತೇವ, ಬಿಸಿಲು, ಗೊಬ್ಬರಗಳಲ್ಲಿ ಬಹುಪಾಲು ಅಷ್ಟೂ ದಿನ ಬರಿ ನೆಲದ ಪಾಲಾಗುತ್ತದೆ. ನಾವು ಬಿತ್ತದೆ ಬಿಟ್ಟ ನೆಲದಲ್ಲಿ ಪ್ರಕೃತಿ ತನ್ನದನ್ನು ಬಿತ್ತುತ್ತದೆ. ಅದಕ್ಕೆ ನಾವಿಟ್ಟ ಹೆಸರು ಕಳೆ.

ಆ ಎಡೆಯಲ್ಲಿ ಜೋಳವನ್ನೋ ಸಜ್ಜೆಯನ್ನೋ ಹೆಸರನ್ನೋ ಬಿತ್ತುವ ರೂಢಿ ನಮ್ಮಲ್ಲಿ ಹಳೆಯದು. ಬೇಗ ಚಿಗುರಿ ನೆಲ ಮುಚ್ಚುವ ಬೆಳೆಯ ನೆರಳಿನಲ್ಲಿ ಕಳೆಯ ಮೊಳಕೆ ಸೊರಗುತ್ತದೆ. ಜೋಳ ಇನ್ನೂ ಒಂದು ಹೆಜ್ಜೆ ಮುಂದೆ: ಅದರ ಬೇರು ಸ್ರವಿಸುವ ಸೋರ್ಗೋಲಿಯೋನ್ ಎಂಬ ವಸ್ತು ಹಲವು ಕಳೆಗಳ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಜೋಳ, ತೊಗರಿಗಳ ನಡುವೆ ಅಲಸಂದೆ, ಹೆಸರುಗಳನ್ನು ಬಿತ್ತಿ ಪರೀಕ್ಷಿಸಿದ್ದರು. ಈ ಬೆಳೆಗಳು ಕಳೆಯನ್ನು ಅದುಮಿ, ಒಂದು ಸಲದ ಕೈಕಳೆಯ ಶ್ರಮವನ್ನು ಉಳಿಸಬಲ್ಲವು ಎಂದು ಆ ಪ್ರಯೋಗಗಳು ತೋರಿದವು.

ಹೀಗಿದ್ದೂ ಈ ಪದ್ಧತಿ ಹಿಂದೆ ಸರಿದದ್ದೇಕೆ? ಕಾರಣಗಳಲ್ಲೊಂದು ಸೀಸೆಯೊಳಗೇ ಇದೆ. ರಾಗಿಯ ಹೊಲಕ್ಕೆ 2,4-ಡಿ ಸಿಂಪಡಿಸಿದರೆ ಅಗಲ ಎಲೆಯ ಕಳೆಗಳು ಸಾಯುತ್ತವೆ. ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು, ಸಾಸಿವೆಗಳೂ ಅಗಲ ಎಲೆಯವೇ. ಬೆಳೆಗಳ ನಡುವೆ ತಾನೇ ಹುಟ್ಟಿ ಬಡವರ ಸಾರಿಗೆ ಒದಗುತ್ತಿದ್ದ ಅಣ್ಣೆ ಸೊಪ್ಪಿಗೂ ಅದೇ ಗತಿ. ಎಂದರೆ ಕಳೆನಾಶಕ ಒಂಟಿ ಬೆಳೆಯನ್ನು ಬೇಡುತ್ತದೆ, ಒಂಟಿ ಬೆಳೆ ನೆಲವನ್ನು ತೆರೆದಿಡುತ್ತದೆ, ತೆರೆದ ನೆಲ ಮತ್ತೆ ಕಳೆನಾಶಕವನ್ನೇ ಬೇಡುತ್ತದೆ. ಈ ವರ್ತುಲವನ್ನು ಪ್ರಗತಿ ಎಂದು ಕರೆಯಲು ನಾವು ಸಿದ್ಧರಿಲ್ಲ.

ವರ್ತುಲದ ಕೊನೆ ಎಲ್ಲಿಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ಪಂಜಾಬ್, ಹರಿಯಾಣಗಳ ಗೋಧಿ ಹೊಲಗಳಲ್ಲಿ ಐಸೊಪ್ರೊಟ್ಯುರಾನ್ ಎಂಬ ಒಂದೇ ಕಳೆನಾಶಕವನ್ನು ವರ್ಷಾನುವರ್ಷ ನೆಚ್ಚಿಕೊಂಡದ್ದರ ಫಲವಾಗಿ, 1990ರ ದಶಕದ ಆರಂಭದ ಹೊತ್ತಿಗೆ ಫಲಾರಿಸ್ ಮೈನರ್ ಎಂಬ ಹುಲ್ಲು ಅದಕ್ಕೆ ಬಗ್ಗದಾಯಿತು. ಆದರೂ 2024ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ನಾಡಿಗೆ ಕೊಟ್ಟದ್ದು ಇಮಾಜೆಥಾಪೈರ್ ಕಳೆನಾಶಕವನ್ನು ತಾಳಿಕೊಳ್ಳುವ ಎರಡು ಬಾಸ್ಮತಿ ತಳಿಗಳನ್ನು. ವಿಷವನ್ನು ತಾಳುವ ಬೆಳೆಗೆ ದೊರೆತ ಶ್ರದ್ಧೆ, ಕಳೆಯನ್ನು ತಾನೇ ಹಿಮ್ಮೆಟ್ಟಿಸುವ ಬೆಳೆಗೂ ದೊರೆಯಬೇಡವೇ?

‘ನಗರದಲ್ಲಿ ಕುಳಿತ ನಿಮಗೇನು ಗೊತ್ತು? ಬೆನ್ನು ಬಾಗಿಸಿ ಕಳೆ ಕೀಳುವವರು ನಮ್ಮ ಹೆಣ್ಣುಮಕ್ಕಳು’ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಅದು ನ್ಯಾಯವಾದದ್ದು. ಕಳೆ ಕೀಳುವ ದುಡಿಮೆಯಲ್ಲಿ ಕಾವ್ಯವನ್ನು ಹುಡುಕುವ ಚಪಲ ನಮಗಿಲ್ಲ. ಆ ದುಡಿಮೆಯನ್ನು ತಗ್ಗಿಸಬೇಕೆಂದೇ ನಮ್ಮ ವಾದ. ಅಂತರಬೆಳೆ ಮಂತ್ರದಂಡವಲ್ಲ: ಬಿತ್ತಿದ ಮೊದಲ ವಾರಗಳಲ್ಲಿ ಒಮ್ಮೆಯಾದರೂ ಎಡೆಕುಂಟೆ ಹೊಡೆಯಲೇಬೇಕು, ಅತಿ ಒತ್ತಾಗಿ ಬಿತ್ತಿದ ಅಲಸಂದೆ ಮುಖ್ಯ ಬೆಳೆಯನ್ನೂ ಅದುಮೀತು, ಯಂತ್ರದ ಕೊಯ್ಲಿಗೂ ಮಿಶ್ರ ಹೊಲ ಒಗ್ಗುವುದಿಲ್ಲ. ಇವು ಸಂಶೋಧನೆಯಿಂದ ಬಗೆಹರಿಯಬೇಕಾದ ತೊಡಕುಗಳು, ಪದ್ಧತಿಯನ್ನೇ ಕೈಬಿಡಲು ನೆಪಗಳಲ್ಲ.

ಇನ್ನು ಬೆಲೆಯ ಮಾತು. ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವ ಬೆಳೆಗಳ ಪಟ್ಟಿಯಲ್ಲಿ ತೊಗರಿ ಇದೆ, ಹೆಸರು ಇದೆ. ನೆಲಕ್ಕೆ ಹೊದಿಕೆಯಾಗಬಲ್ಲ ಹುರುಳಿ, ಅಲಸಂದೆ, ಅವರೆಗಳಿಲ್ಲ. ಕಳೆನಾಶಕವನ್ನು ಮಾರಲು ಅಂಗಡಿಯುಂಟು, ಜಾಹೀರಾತುಂಟು. ಮನೆಯಲ್ಲೇ ಎತ್ತಿಟ್ಟ ಹುರುಳಿ ಬೀಜದಿಂದ ಯಾವ ಕಂಪನಿಗೂ ಲಾಭವಿಲ್ಲ, ಹಾಗಾಗಿ ಅದರ ಪರ ಮಾತನಾಡುವವರೂ ಇಲ್ಲ. ಆ ಬೆಳೆಗಳಿಗೆ ಬೆಂಬಲ ಬೆಲೆ ಬೇಕು, ಎರಡು ಬೆಳೆಗಳನ್ನು ಒಟ್ಟಿಗೆ ಕೊಯ್ಯಬಲ್ಲ ಚಿಕ್ಕ ಯಂತ್ರಗಳು ಬೇಕು, ಬೇಗ ನೆಲ ಮುಚ್ಚುವ ತಳಿಗಳು ಬೇಕು. ಮಾಟುಂಗದ ಅಂಗಡಿಯಲ್ಲಿ ತೊಗರಿಬೇಳೆಯ ಜೊತೆ ಹುರುಳಿ, ಅವರೆಗಳನ್ನೂ ಕೇಳಿ ಕೊಳ್ಳುವುದು ನಮ್ಮ ಪಾಲಿನ ಕೆಲಸ. ಹೊಲದಲ್ಲಿ ಎರಡನೆಯ ಬೆಳೆಗೆ ಎಡೆ ಸಿಗಬೇಕಾದರೆ ಊಟದ ತಟ್ಟೆಯಲ್ಲೂ ಅದಕ್ಕೆ ಎಡೆ ಇರಬೇಕು.